ಸೈಕಲ್‌ಗೆ ಇಟ್ಟ ಕುಂಕುಮ

ಮೂವತ್ತು ದಾಟಿದ ಮೇಲೆ ನನ್ನ ಮಗಳಿಗೆ, ಕಾಲೇಜಿನಲ್ಲಿ ಪಾಠ ಮಾಡಿಕೊಂಡು ಸುಮ್ಮನಿರುವುದು ಬಿಟ್ಟು, ಗುಡ್ಡದ ನೆತ್ತಿಯಿಂದ ಕಲ್ಲುಬಂಡೆಗಳ ಮೇಲೆ ಸೈಕಲ್ ಇಳಿಸುವ ಹುಚ್ಚು ಹಿಡಿಯಿತು. ಡೌನ್‌ಹಿಲ್ ಮೌಂಟನ್ ಬೈಕ್ ಅಂತೆ, ಸೆಕೆಂಡ್ ಹ್ಯಾಂಡ್. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ವಿನೋಬನಗರದ ಮನೆಯಲ್ಲಿ ನಾವಿಬ್ಬರೇ. ಭಾನುವಾರ ಬೆಳಿಗ್ಗೆ ಅವಳು ಹೊರಟರೆ, ಗೇಟಿನ ಚಿಲಕದ ಸದ್ದು ಮತ್ತೆ ಕೇಳುವವರೆಗೆ ನನಗೆ ಕಾಫಿ ರುಚಿಸುತ್ತಿರಲಿಲ್ಲ.

ಆ ವರ್ಷ ಆಯುಧಪೂಜೆಗೆ ಸೈಕಲನ್ನೂ ತೊಳೆದು ನಿಲ್ಲಿಸಿದ್ದೆವು. ನಾನು ಕಲಸಿದ ಕುಂಕುಮಕ್ಕೆ ನೀರು ಹೆಚ್ಚಾಗಿ, ಹ್ಯಾಂಡಲ್ ಕೆಳಗಿನ ದಪ್ಪ ಪೈಪಿನುದ್ದಕ್ಕೂ ಹರಿಯಿತು. ವೆರಿ ಅನ್‌ಟೈಡಿ! ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಕಂಡಿದ್ದರೆ ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಕೊಡುತ್ತಿದ್ದರು. ಒರೆಸಿ, ಅದರ ಮೇಲೆ ವಿಭೂತಿ ಎಳೆದೆ. ಮಂಗಳಾರತಿ ಮುಗಿಸಿ ನೋಡಿದರೆ ಬಿಳಿಯ ನಡುವೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ. ಮತ್ತೆ ಒರೆಸಿ ಮತ್ತೆ ವಿಭೂತಿ ಹಚ್ಚಿದೆ. ಗೆರೆ ಅಲ್ಲೇ ಮೂಡಿತು. ಮಗಳು ಉಗುರಿನಿಂದ ಕೆರೆದು ನೋಡಿ, "ಫ್ರೇಮ್ ಒಡೆದಿದೆ ಅಮ್ಮಾ," ಎಂದು ಮೆಟ್ಟಿಲ ಮೇಲೆ ಕುಸಿದಳು.

ಅವಳ ಮುಖ ಸಪ್ಪೆ. ನನಗೆ ಒಳಗೊಳಗೇ, ಗಾಡ್ ಫರ್ಗಿವ್ ಮಿ, ಸಮಾಧಾನ.

ಆದರೆ ಅವಳು ಬಿಡುವವಳೇ? ಫ್ರೇಮನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಭದ್ರಾವತಿಗೆ ಹೋದೆವು. ಅಲ್ಲಿ ಕಾರ್ಖಾನೆಯಿಂದ ರಿಟೈರ್ ಆದ ಸಾಹೇಬರೊಬ್ಬರು ಮನೆ ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದರು. ಕುಂಕುಮದ ಕಥೆ ಕೇಳಿ ಜೋರಾಗಿ ನಕ್ಕರು.

"ನಮ್ ಫ್ಯಾಕ್ಟ್ರೀಲೂ ಇದೇ ಟೆಸ್ಟು ಅಮ್ಮಾ! ಕೆಂಪು ಬಣ್ಣ ಹಚ್ಚಿ, ಒರೆಸಿ, ಮೇಲೆ ಬಿಳಿ ಪೌಡರ್ ಹಾಕೋದು. ಬಿರುಕಿದ್ರೆ ಒಳಗಿನ ಕೆಂಪು ಮೇಲೆ ಬರುತ್ತೆ. ನೀವು ದೇವ್ರ ಹೆಸ್ರಲ್ಲಿ ಮಾಡಿದೀರಿ, ಅಷ್ಟೇ."

ಮಗಳು ಎದುರಿನ ಅಂಗಡಿಗೆ ಚಹಾ ಹೇಳಲು ಹೋದದ್ದೇ ನಾನು ಮೆಲ್ಲಗೆ, "ರಿಪೇರಿ ಆಗಲ್ಲ ಅಂದ್ಬಿಡಿ ಸಾಹೇಬ್ರೇ. ಅವಳು ಎಲ್ಲಿ ಬೀಳ್ತಾಳೋ ಅಂತ ನನಗೆ ಜೀವವೇ ಇರಲ್ಲ," ಎಂದೆ.

"ಗಟ್ಟಿ ಸ್ಟೀಲು ಅಮ್ಮಾ ಇದು, ಆಗಲ್ಲ ಅಂತ ಹೆಂಗೆ ಹೇಳ್ಲಿ? ವೆಲ್ಡ್ ಹಾಕ್ತೀನಿ. ಆಮೇಲೆ ನೀವೇ ಟೆಸ್ಟ್ ಮಾಡಿ. ಕೆಂಪು ಬಂತೋ, ಇದನ್ನ ಬಿಟ್ಬಿಡಮ್ಮಾ ಅಂತ ನಿಮ್ ಮಗಳಿಗೆ ನಾನೇ ಹೇಳ್ತೀನಿ."

ಪೇಂಟ್ ಕೆರೆದು, ಬಿರುಕು ಮುಂದಕ್ಕೆ ಓಡದಂತೆ ಎರಡೂ ತುದಿಗೆ ಸಣ್ಣ ತೂತು ಕೊರೆದು, ವೆಲ್ಡ್ ಮಾಡಿ, ಬೆರಳಿಗೆ ತಗಲದಷ್ಟು ನುಣ್ಣಗೆ ಉಜ್ಜಿದರು. ಪೈಪು ತಣ್ಣಗಾದ ಮೇಲೆ ನನ್ನ ಪರ್ಸಿನಲ್ಲಿದ್ದ ಕುಂಕುಮವನ್ನು ನೀರಲ್ಲಿ ಕಲಸಿ ಹಚ್ಚಿದೆ. ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ವಿಭೂತಿ ಉದುರಿಸಿದೆ. ಮೂವರೂ ಬಗ್ಗಿ ನಿಂತೆವು. ಮಗಳ ಎರಡನೇ ಚಹಾ ಹಾಗೇ ಕೆನೆಗಟ್ಟುತ್ತಿತ್ತು. ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ಕಚ್ಚಿದಂತೆಯೇ ಹೆಬ್ಬೆರಳ ಉಗುರು ಕಚ್ಚುತ್ತಿದ್ದಳು. ಗೆರೆ ಬರಲಿ ಎಂದುಕೊಂಡಿದ್ದ ನಾನು ಬಾರದಿರಲಪ್ಪಾ ಎಂದು ಯಾವಾಗ ಬೇಡಿಕೊಳ್ಳತೊಡಗಿದೆನೋ ಗೊತ್ತಿಲ್ಲ.

ಬರಲಿಲ್ಲ. ಬಿಳಿ ಬಿಳಿಯಾಗಿಯೇ ಉಳಿಯಿತು.

ಆಮೇಲೆ ಪ್ರತಿ ಶನಿವಾರ ಸಂಜೆ ನಾನು ಬಟ್ಟಲು ಹಿಡಿದು ಸೈಕಲ್ ಮುಂದೆ ಕೂರುತ್ತಿದ್ದೆ.

"ವಾರವಾರವೂ ಆಯುಧಪೂಜೇನಾ ಮಾರಾಯ್ತಿ?" ಎಂದು ಮಗಳು ರೇಗಿಸುತ್ತಿದ್ದಳು.

"ಇನ್‌ಸ್ಪೆಕ್ಷನ್ ಕಣೇ. ಪಾಸ್ ಆಗಿದೆ, ಹೋಗ್ಬಾ," ಎನ್ನುತ್ತಿದ್ದೆ. ಭಾನುವಾರದ ಕಾಫಿ ಬಿಸಿಯಿರುವಾಗಲೇ ಕುಡಿಯುವುದು ನನಗೆ ಹಾಗೆ ಅಭ್ಯಾಸವಾಯಿತು.