ಸೊಪ್ಪಿನಂಗಡಿಯ ಆದಿತ್ಯವಾರ

ತಪ್ಪು ನನ್ನದೇ. ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೇಳದಿದ್ದರೆ ಅಂಗಡಿಗೆ ಬಂದವರು ಯಾರಾದರೂ ಬೆಂಡೆಯ ತುದಿ ಮುರಿದು ನೋಡುತ್ತಾ ಹೇಳಿಯೇ ಹೇಳುತ್ತಾರೆ, ಅದೂ ನನ್ನನ್ನೇ ಅಣಕಿಸಿ. ಒಂದು ಶನಿವಾರ ಸಂಜೆ ನಾನು ಅಪ್ಪನ ಧ್ವನಿಯಲ್ಲಿ, ಅಪ್ಪನ ಕೆಮ್ಮಿನ ಸಮೇತ, ಅಪ್ಪ ಜನ್ಮದಲ್ಲಿ ಹೇಳದ ಮಾತೊಂದನ್ನು ಊರಿಗೆಲ್ಲ ಕೇಳಿಸಿಬಿಟ್ಟೆ. ಅಮ್ಮನನ್ನು ನಗಿಸಬೇಕು ಎಂದಷ್ಟೇ ಇತ್ತು. ಅಮ್ಮ ನಗದೆ ತುಂಬ ದಿನವಾಗಿತ್ತು.

ನಮ್ಮದು ಕಾಸರಗೋಡು ಕಡೆಯ ಅನಂತಪುರದ ಕೈಗಾರಿಕಾ ಎಸ್ಟೇಟಿಗೆ ಹೋಗುವ ರಸ್ತೆಯ ಬದಿಯಲ್ಲಿ, ತಗಡಿನ ಮಾಡು ಹಾಕಿದ ತರಕಾರಿ ಅಂಗಡಿ. ಹಿಂದೆ ನಮ್ಮದೇ ಗದ್ದೆ, ಮುಂದೆ ಅಂಗಡಿ, ನಡುವೆ ಅಮ್ಮ. ಅವಳು ಬೆಳಕು ಹರಿಯುವ ಮೊದಲೇ ಹರಿವೆ ಕಿತ್ತು, ತೊಳೆದು, ಬಾಳೆನಾರಿನಲ್ಲಿ ಕಟ್ಟು ಕಟ್ಟುತ್ತಾಳೆ. ಅಪ್ಪ ಸೌತೆ ಹೊರುತ್ತಾನೆ. ನಾನು ಕಾಸರಗೋಡಿನಲ್ಲಿ ಕಾಲೇಜು ಮುಗಿಸಿ, ಪಿ.ಎಸ್.ಸಿ. ಪರೀಕ್ಷೆಗೆ ಓದುತ್ತಿದ್ದೇನೆ ಎಂದು ಎಲ್ಲರಿಗೂ ಹೇಳಿಕೊಂಡು, ಬದನೆ ತೂಗುತ್ತೇನೆ. ನಮ್ಮ ಗದ್ದೆಯದ್ದು ಸಾಲದ್ದಕ್ಕೆ ಎಣ್ಮಕಜೆ ಕಡೆಯ ಕೆಲವು ಮನೆಯವರೂ ತಮ್ಮ ತರಕಾರಿ ತಂದು ಇಡುತ್ತಾರೆ. "ಮದ್ದು ಹೊಡೆದದ್ದಾ?" ಎಂದು ಗಿರಾಕಿಗಳು ಕೇಳಿದರೆ ಅಪ್ಪ ಯಾವ ಮನೆಯ, ಯಾವ ಬದಿಯ ಗದ್ದೆಯದ್ದು ಎಂದು ಬಿಡಿಸಿ ಹೇಳುತ್ತಾನೆ. ಗೇರುತೋಟಕ್ಕೆ ಸುರಿದ ಮದ್ದಿನಿಂದ ಮಕ್ಕಳುಮರಿ ನರಳಿದ ನಮ್ಮ ಕಡೆ ಆ ಪ್ರಶ್ನೆಯನ್ನು ಯಾರೂ ಬಾಯಿಮಾತಿಗೆ ಕೇಳುವುದಿಲ್ಲ. ಬಂದವರನ್ನೆಲ್ಲ ಅಣಕಿಸುವ ನಾನೂ ಅದೊಂದನ್ನು ಮಾತ್ರ ಅಣಕಿಸಿದವನಲ್ಲ.

ಅಂಗಡಿ ನಡೆಯುವುದು ಅಪ್ಪನ ಗಂಟಲಿನಿಂದ. ದಿನಾ ಸಂಜೆ ಅವನು ಮೊಬೈಲಿನ ಗುಂಡಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ಒಮ್ಮೆ ಕೆಮ್ಮಿ, "ಹಾಂ, ಕೇಳಿ" ಎಂದು ಶುರು ಮಾಡುತ್ತಾನೆ. ನಾಳೆಗೆ ಹರಿವೆ ಬೇಕು, ಬೆಂಡೆ ಸಾಕು, ಬಸಳೆ ಉಂಟಾದರೆ ತನ್ನಿ. ಬೆರಳು ಬಿಟ್ಟ ಕೂಡಲೇ ಅದು ವಾಟ್ಸಾಪ್ ಗ್ರೂಪಿಗೆ ಹೋಗುತ್ತದೆ. ಆ ಗ್ರೂಪಿನಲ್ಲಿ ಬೆಳೆಯುವವರೂ ಇದ್ದಾರೆ, ಕೊಳ್ಳುವವರೂ ಇದ್ದಾರೆ. ಅಪ್ಪನ ಕೆಮ್ಮು ಕೇಳದೆ ಯಾರೂ ಒಂದು ದಂಟು ಮುರಿಯುವುದಿಲ್ಲ. ಮುರಿದ ಸೊಪ್ಪನ್ನು ತಿರುಗಿ ಗಿಡಕ್ಕೆ ಅಂಟಿಸಲಾಗುವುದಿಲ್ಲವಲ್ಲ. ಒಮ್ಮೆ ನಾನು ದೊಡ್ಡ ಬುದ್ಧಿವಂತನಂತೆ ಅದನ್ನೆಲ್ಲ ಚಂದ ಟೈಪ್ ಮಾಡಿ ಹಾಕಿದ್ದೆ. ಒಬ್ಬೊಬ್ಬರಾಗಿ ಅಪ್ಪನಿಗೆ ಫೋನ್ ಮಾಡಿ, "ಇದು ನೀವು ಹೇಳಿದ್ದು ಹೌದಾ?" ಎಂದು ಕೇಳಿದರು. ಅಲ್ಲಿಗೆ ನನ್ನ ಟೈಪಿಂಗ್ ಮುಗಿಯಿತು.

ಆದರೆ ನನಗೆ ಬೇರೆ ವಿದ್ಯೆ ಗೊತ್ತಿತ್ತು. ಬಸ್ಸಿನ ಕಂಡಕ್ಟರು, ಟೊಮೆಟೊವನ್ನು ಡಾಕ್ಟರರಂತೆ ಒತ್ತಿ ನೋಡುವ ನಿವೃತ್ತ ಮೇಷ್ಟ್ರು, ಸಂಜೆ ಶಿಫ್ಟು ಮುಗಿಸಿ ಬಂದು ಮಲಯಾಳದಲ್ಲಿ ರಾಗ ಎಳೆದು ಚೌಕಾಸಿ ಮಾಡುವ ಹೆಂಗಸರು, ಎಲ್ಲರೂ ನನ್ನ ಬಾಯಲ್ಲಿ ಬಾಡಿಗೆಗಿದ್ದರು. ಅಪ್ಪನ ಗಂಟಲು ಕಟ್ಟಿದ ದಿನ ಅವನೇ, "ನೀನೇ ಹೇಳು ಮಾರಾಯ, ಹೇಗೂ ದಿನಾ ನನ್ನನ್ನು ಅಣಕಿಸ್ತಿಯಲ್ಲ" ಎಂದು ಮೊಬೈಲು ಕೊಡುತ್ತಿದ್ದ. ನಾನು ಅವನ ಕೆಮ್ಮಿನಿಂದಲೇ ಆರಂಭಿಸುತ್ತಿದ್ದೆ. ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಹೇಳಿದ್ದಷ್ಟೇ ತರಕಾರಿ ಬಂದು ಇಳಿಯುತ್ತಿತ್ತು. ಓದಿನಲ್ಲಿ ಇಷ್ಟು ನಿಷ್ಠೆ ಇದ್ದಿದ್ದರೆ ಯಾವುದಾದರೂ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತಿರುತ್ತಿದ್ದೆ.

ಈ ಅಣಕಗಳಿಗೆ ಮೊದಲೆಲ್ಲ ಅಮ್ಮನೇ ಶ್ರೋತೃ. ಸೊಪ್ಪು ಕಟ್ಟುತ್ತಾ ನಗುತ್ತಿದ್ದಳು, ನಗು ಜಾಸ್ತಿಯಾದರೆ ಕಟ್ಟು ಸಡಿಲವಾಗುತ್ತಿತ್ತು, ಅಪ್ಪ ಬೈಯುತ್ತಿದ್ದ. ಆಮೇಲೆ ಯಾವಾಗಲೋ ನಗು ಕಡಿಮೆಯಾಗುತ್ತಾ ಬಂತು. ಸಂಜೆಯಾದರೆ ಅವಳ ಪಾದ ಬಾತು ಚಪ್ಪಲಿಯ ಪಟ್ಟಿಯ ಗುರುತು ಮೂಡಿರುತ್ತಿತ್ತು. ಮೇಷ್ಟ್ರ ಟೊಮೆಟೊ ಪರೀಕ್ಷೆಯನ್ನು ನಾನು ಎಷ್ಟು ಚೆನ್ನಾಗಿ ಮಾಡಿ ತೋರಿಸಿದರೂ, "ಹೂಂ, ಆ ಬುಟ್ಟಿ ಈಚೆಗೆ ತಾ" ಎನ್ನುವಳು. ನನ್ನ ಕಲೆ ಕುಂದಿತೆಂದು ನಾನು ಕೊರಗಿದೆ. ನನ್ನ ಬುದ್ಧಿ ಅಷ್ಟೇ.

ಅವಳು ಕೇಳಿದ್ದು ಒಂದೇ: ವಾರಕ್ಕೊಂದು ದಿನ ರಜೆ. ಆದಿತ್ಯವಾರ ಎಸ್ಟೇಟಿಗೂ ರಜೆ, ಸಂಜೆಯ ಗಿರಾಕಿಗಳಿಲ್ಲ, ಅಂದು ಮುಚ್ಚಿದರೆ ಆಗದೇ? ಪ್ರತಿ ಸಲ ಅಪ್ಪನದ್ದು ಅದೇ ಉತ್ತರ: "ಸೊಪ್ಪಿಗೆ ಆದಿತ್ಯವಾರ ಉಂಟಾ?" ಹರಿವೆ ಆದಿತ್ಯವಾರವೂ ಬೆಳೆಯುತ್ತದೆ, ಬಿಟ್ಟರೆ ದಂಟು ಬಲಿಯುತ್ತದೆ, ಒಮ್ಮೆ ಮುಚ್ಚಿದರೆ ಗಿರಾಕಿ ಬೇರೆ ದಾರಿ ಹಿಡಿಯುತ್ತಾನೆ. ಹೇಳುವ ಅಪ್ಪನೂ ದಣಿದವನೇ. ಅವನಿಗೆ ಒಂದು ಕಾಲದಲ್ಲಿ ಹೊಳೆಗೆ ಗಾಳ ಹಾಕುವ ಹುಚ್ಚಿತ್ತು. ಈಗ ಆ ಗಾಳದ ಕೋಲನ್ನು ಗದ್ದೆಯ ಬದಿಯಲ್ಲಿ ಊರಿದ್ದಾನೆ. ಅದರ ಮೇಲೆ ತೊಂಡೆಬಳ್ಳಿ ಹಬ್ಬಿದೆ.

ಆ ಶನಿವಾರ ಮಧ್ಯಾಹ್ನ ಬಾಳೆನಾರು ಮುಗಿದಿತ್ತು. ಅಮ್ಮ ಮೇಜಿನ ಕೆಳಗಿನಿಂದ ಒಂದು ಚೀಲ ಎಳೆದು, ಒಳಗಿದ್ದ ಬಿಳಿ ದಾರದ ಉಂಡೆ ತೆಗೆದು, ಹಲ್ಲಿನಲ್ಲಿ ಕಡಿದು ಹರಿವೆ ಕಟ್ಟತೊಡಗಿದಳು. ಅದು ಅವಳ ಕ್ರೋಶಾದ ದಾರ. ಅಂಗಡಿ ಶುರುವಾಗುವ ಮೊದಲು ಅವಳು ಹೆಣೆಯತೊಡಗಿದ್ದ ಮೇಜಿನ ಹೊದಿಕೆಯೊಂದು ಅರ್ಧ ಹೂವು, ಅರ್ಧ ಗಾಳಿಯಾಗಿ ಆ ಚೀಲದಲ್ಲೇ ಇತ್ತು. ಪುರುಸೊತ್ತಾದಾಗ ಮುಗಿಸುತ್ತೇನೆ ಎನ್ನುತ್ತಿದ್ದಳು.

"ಏನಮ್ಮ, ಇವತ್ತು ಹರಿವೆಗೆ ಮದುವೆಯಾ? ಇಷ್ಟು ಅಲಂಕಾರ!" ಎಂದೆ.

"ನಾರಿಲ್ಲ," ಎಂದಳು. ಮುಖ ಎತ್ತಲಿಲ್ಲ.

ಅಂದು ಸಂಜೆ ಅಪ್ಪನ ಗಂಟಲು ಕಟ್ಟಿತ್ತು. ಅವನು ಮೊಬೈಲು ಕೊಟ್ಟು ಗದ್ದೆಗೆ ನೀರು ಬಿಡಲು ಹೋದ. ಅಮ್ಮ ಅಲ್ಲೇ ಗೋಣಿಯ ಮೇಲೆ ಕೂತಿದ್ದಳು. ನಾನು ಗುಂಡಿ ಒತ್ತಿ, ಕೆಮ್ಮಿ, ಅವಳ ಕಡೆ ತಿರುಗಿ ಶುರು ಮಾಡಿದೆ: "ಹಾಂ, ಕೇಳಿ. ನಾಳೆ ಆದಿತ್ಯವಾರ ಅಂಗಡಿಗೆ ರಜೆ. ನನ್ನ ಹೆಂಡತಿಗೆ ಸಾಕಾಗಿದೆ. ಅವಳು ಮಲಗಲಿ. ನೀವೂ ಮಲಗಿ."

ಅಮ್ಮ ನಗಲಿಲ್ಲ. ಅವಳು ಕೂತಲ್ಲೇ ನಿದ್ದೆ ಹೋಗಿದ್ದಳು. ಅಷ್ಟರಲ್ಲಿ ಒಬ್ಬರು ಬಂದು ಹಾಗಲಕಾಯಿ ಕೇಳಿದರು; ನಾನು ಅದನ್ನು ರದ್ದು ಮಾಡಲು ಮರೆತು, ಬೆರಳು ಬಿಟ್ಟು ತೂಗಲು ಎದ್ದೆ.

ತೂಗಿ ಬಂದು ನೋಡಿದರೆ ಅದು ಹೋಗಿಯಾಗಿತ್ತು. ಅಳಿಸಬಹುದಿತ್ತು. ಆದರೆ ಉತ್ತರಗಳು ಬರತೊಡಗಿದ್ದವು. ಎಣ್ಮಕಜೆಯಿಂದ ಬಸಳೆ ಕಳಿಸುವ ಹೆಂಗಸೊಬ್ಬಳ ಧ್ವನಿ: "ಅಣ್ಣ, ನೀವು ನೂರು ವರ್ಷ ಬದುಕಿ. ನಾಳೆ ಬೆಳಿಗ್ಗೆ ನಾನೂ ಏಳುದಿಲ್ಲ." ಇದನ್ನು ಕೇಳಿದ ಮೇಲೆ, ಇದು ನನ್ನ ತಮಾಷೆ, ನಾಳೆ ಬೇಗ ಎದ್ದು ಬಸಳೆ ಕೊಯ್ಯಿರಿ ಎಂದು ಅವಳಿಗೆ ಹೇಳುವುದು ಹೇಗೆ? ಅಪ್ಪನಿಗೆ ಹೇಳಬೇಕಿತ್ತು. ಹೇಳಲು ಧೈರ್ಯ ಬರಲಿಲ್ಲ. ಅಪ್ಪ ಗ್ರೂಪಿನಲ್ಲಿ ಹೇಳುವವನೇ ಹೊರತು ಕೇಳುವವನಲ್ಲ; ಹಾಗಾಗಿ ಅವನಿಗೆ ತಿಳಿಯಲೂ ಇಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ನಾವು ಮೂವರೂ ಅಂಗಡಿಯಲ್ಲಿದ್ದೆವು. ಅಪ್ಪ ಟರ್ಪಾಲು ಎತ್ತಿದ, ತಕ್ಕಡಿ ಒರೆಸಿದ, ರಸ್ತೆ ನೋಡಿದ. ತರಕಾರಿಯ ಆಟೋ ಬರಲಿಲ್ಲ, ಸ್ಕೂಟರಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಬರುವವರೂ ಬರಲಿಲ್ಲ. ಮುಂದೆ ಹಾಸಿದ ಗೋಣಿಯ ಮೇಲೆ ಹಿಂದಿನ ದಿನ ಉಳಿದ ಸೌತೆ ಮತ್ತು ಒಂದು ಕುಂಬಳ, ನಮ್ಮದೇ ಹರಿವೆಯ ಬಿಳಿ ದಾರದ ಕಟ್ಟುಗಳು. ಅಪ್ಪ ಎಣ್ಮಕಜೆಗೆ ಫೋನ್ ಮಾಡಿದ. ಆ ಬಸಳೆಯವಳ ಗಂಡನ ಧ್ವನಿ ನನಗೂ ಕೇಳಿಸುವಷ್ಟು ದೊಡ್ಡದಿತ್ತು.

"ಎಂತ ಮಾರಾಯ್ರೆ, ನೀವೇ ರಜೆ ಹೇಳಿ ನೀವೇ ಕೇಳ್ತೀರಾ? ಇವಳು ಮಲಗಿದ್ದಾಳೆ. ಎಬ್ಬಿಸಬೇಕಾ?"

"ನಾನು ಹೇಳಿದ್ದಾ?"

"ಮತ್ತೆ ನಾನಾ?"

ಅಪ್ಪ ಫೋನಿಟ್ಟು ನನ್ನನ್ನು ನೋಡಿದ. ನಾನು ಕುಂಬಳವನ್ನು ನೋಡಿದೆ. ಅವನು ಗ್ರೂಪು ತೆರೆದು ಆ ಧ್ವನಿಯನ್ನು ಹಾಕಿ ಕೇಳಿದ. 'ನನ್ನ ಹೆಂಡತಿಗೆ ಸಾಕಾಗಿದೆ' ಎಂದು ತನ್ನದೇ ಧ್ವನಿ ಹೇಳುವುದನ್ನು ಕೇಳಿ ತಲೆ ತಗ್ಗಿಸಿದ. ಮತ್ತೊಮ್ಮೆ ಹಾಕಿದ.

"ಕೆಮ್ಮು ಸ್ವಲ್ಪ ಜಾಸ್ತಿಯಾಯ್ತು," ಎಂದ.

ಆಮೇಲೆ ಬೈಯಲು ಬಾಯಿ ತೆರೆದ. ನಾನು ಅಮ್ಮನ ಕಡೆ ಕೈ ತೋರಿಸಿದೆ. ಅವಳು ಖಾಲಿ ಬುಟ್ಟಿಗಳ ರಾಶಿಗೆ ಒರಗಿ, ಬಾಯಿ ತುಸು ತೆರೆದು, ಮಗುವಿನಂತೆ ಮಲಗಿದ್ದಳು. ಕಟ್ಟಲು ಸೊಪ್ಪೇ ಬಾರದ ಬೆಳಿಗ್ಗೆ ಅವಳ ಕೈಗೆ ಬೇರೇನೂ ತೋಚಿರಲಿಲ್ಲ. ಅಪ್ಪ ಬೈಗುಳವನ್ನು ನುಂಗಿ, ಬಿಸಿಲು ಅವಳ ಮುಖಕ್ಕೆ ಬೀಳದಂತೆ ಟರ್ಪಾಲಿನ ಒಂದು ಬದಿ ಇಳಿಸಿದ. ನಂತರ ಪಿಸುಮಾತಿನಲ್ಲೇ ಬೈದ. ಪಿಸುಮಾತಿನಲ್ಲಿ 'ಕತ್ತೆ' ಎಂದು ಬೈಸಿಕೊಂಡರೆ ಅವಮಾನ ಕಡಿಮೆಯೇನಲ್ಲ.

ಅಷ್ಟು ಉದ್ದದ ಬೆಳಿಗ್ಗೆಯನ್ನು ನಾನು ಕಂಡಿರಲಿಲ್ಲ. ದಾರಿಹೋಕರು ಬೈಕು ನಿಧಾನಿಸಿ, "ರಜೆ ಅಲ್ವಾ?" ಎಂದು ಕೇಳಿ, ಅಮ್ಮನನ್ನು ನೋಡಿ ಸದ್ದು ಮಾಡದೆ ಹೋದರು. ಅಪ್ಪನಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಸೌತೆಗಳನ್ನು ಎಡದಿಂದ ಬಲಕ್ಕಿಟ್ಟ, ಬಲದಿಂದ ಎಡಕ್ಕಿಟ್ಟ. ಗದ್ದೆಯ ಬದಿಗೆ ಹೋಗಿ ಗಾಳದ ಕೋಲಿನಿಂದ ತೊಂಡೆಬಳ್ಳಿ ಬಿಡಿಸಲು ನೋಡಿದ; ಬಳ್ಳಿ ಬಿಡಲಿಲ್ಲ, ಕಾಯಿ ಬೇರೆ ಇತ್ತು. ತಿರುಗಿ ಬಂದು ಕೂತ. ನನಗೂ ಯಾರನ್ನಾದರೂ ಅಣಕಿಸೋಣವೆಂದರೆ ಬಾಯಿಗೆ ಯಾರೂ ಬರಲಿಲ್ಲ. ನಾವಿಬ್ಬರೂ ಎಷ್ಟು ದಣಿದಿದ್ದೇವೆಂದು ಕೆಲಸವಿಲ್ಲದ ಆ ದಿನವೇ ಗೊತ್ತಾದದ್ದು. ಬೆನ್ನಿನಲ್ಲಿ ಎಲ್ಲೆಲ್ಲಿ ನೋವಿದೆ ಎಂದು ಒಂದೊಂದಾಗಿ ತಿಳಿಯುತ್ತಾ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಅಮ್ಮ ಎದ್ದಳು. ಗಾಬರಿಯಿಂದ ಬಟ್ಟೆ ಸರಿಮಾಡಿಕೊಂಡು, "ಯಾರೂ ಬರ್ಲಿಲ್ವಾ?" ಎಂದಳು. ಅಪ್ಪ ಉತ್ತರ ಕೊಡದೆ ಆ ಧ್ವನಿಯನ್ನು ಹಾಕಿ ಕೇಳಿಸಿದ. ಅಮ್ಮ ಪೂರ್ತಿ ಕೇಳಿದಳು. ನನ್ನ ಕಡೆ ಒಮ್ಮೆ, ಅಪ್ಪನ ಕಡೆ ಒಮ್ಮೆ ನೋಡಿದಳು. ಆಗಲೂ ನಗಲಿಲ್ಲ. ದಾರದ ಚೀಲವನ್ನು ಎಳೆದು ಮಡಿಲಲ್ಲಿಟ್ಟುಕೊಂಡಳು.

"ಇವನ ಕುಚೋದ್ಯ," ಎಂದ ಅಪ್ಪ. "ಈಗ ನಾನೇ ಹೇಳಿ ಸರಿಮಾಡ್ತೇನೆ. ಇಲ್ಲದಿದ್ರೆ ಮುಂದಿನ ವಾರವೂ ಎಲ್ಲರೂ ಮಲಗಿಯಾರು."

ಗುಂಡಿ ಒತ್ತಿ ಹಿಡಿದ. ಈ ಸಲದ ಕೆಮ್ಮು ಅಸಲಿ. "ಹಾಂ, ಕೇಳಿ. ಇವತ್ತಿನ ರಜೆ ನಾನು ಹೇಳಿದ್ದಲ್ಲ. ನಮ್ಮ ಹುಡುಗನ ಪೋಕರಿತನ. ಮುಂದಿನ ಆದಿತ್ಯವಾರ ಎಂದಿನ ಹಾಗೇ..."

"ಬೇಡ," ಎಂದಳು ಅಮ್ಮ.

ಅಪ್ಪ ಅವಳ ಕಡೆ ತಿರುಗಿದ. "ಬೇಡ ಅಂದ್ರೆ? ಅಲ್ಲ ಮಾರಾಯ್ತಿ, ನೀನೇ ಹೇಳು..."

ಮುಂದಿನದನ್ನು ಹೇಳಲು ಅಮ್ಮ ಬಿಡಲಿಲ್ಲ. ಕೂತಲ್ಲಿಂದಲೇ ಒಮ್ಮೆ ಕೆಮ್ಮಿದಳು. ಅದು ಅಪ್ಪನ ಕೆಮ್ಮು. ನನ್ನದಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚೇ ಸರಿಯಾದದ್ದು. ಈ ವಿದ್ಯೆ ನನಗೆ ಎಲ್ಲಿಂದ ಬಂತೆಂದು ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ, ನನ್ನದೇ ಸ್ವಂತ ಪ್ರತಿಭೆ ಎಂದುಕೊಂಡಿದ್ದೆ. ಕೆಮ್ಮಿ, ಅಪ್ಪನದ್ದೇ ಧ್ವನಿಯಲ್ಲಿ, ಅವನು ತಲೆ ಅಲ್ಲಾಡಿಸುವ ರೀತಿಯನ್ನೂ ಬಿಡದೆ, "ಸೊಪ್ಪಿಗೆ ಆದಿತ್ಯವಾರ ಉಂಟಾ?" ಎಂದಳು.

ಅಪ್ಪನ ಹೆಬ್ಬೆರಳು ಇನ್ನೂ ಗುಂಡಿಯ ಮೇಲೆಯೇ ಇತ್ತು, ಅದು ಅವನಿಗೂ ಮರೆತಿತ್ತು, ನನಗೂ ಮರೆತಿತ್ತು. ಎಣ್ಮಕಜೆಯಿಂದ ಎಸ್ಟೇಟಿನವರೆಗೆ ಎಲ್ಲರಿಗೂ ಅಂದು ಕೇಳಿಸಿದ್ದು, ಇಂದಿಗೂ ಅಂಗಡಿಗೆ ಬಂದವರು ಅಪ್ಪನೆದುರು ಅಣಕಿಸುವುದು, ಅದರ ಮೇಲೆ ಅಮ್ಮ ತನ್ನ ಸ್ವಂತ ಧ್ವನಿಯಲ್ಲಿ, ದಾರದ ತುದಿ ಹುಡುಕುತ್ತಾ, ಹೇಳಿದ ಮಾತು:

"ಸೊಪ್ಪಿಗೆ ಇಲ್ಲ. ನನಗೆ ಉಂಟು."