ಶಿವಬಸಮ್ಮನವರ ಎತ್ತಿದ ಕೈ

೧೨೧೫ರಲ್ಲಿ ಇಂಗ್ಲೆಂಡಿನ ದೊರೆ ಜಾನ್ ಮುದ್ರೆ ಒತ್ತಿದ ಹಕ್ಕುಪತ್ರ ಮ್ಯಾಗ್ನಾ ಕಾರ್ಟಾ ಹತ್ತೇ ವಾರಕ್ಕೆ ರದ್ದಾಯಿತು. ಶಾಲೆಯಲ್ಲಿ ನಮಗೆಲ್ಲ ಮುದ್ರೆಯ ಕಥೆ ಹೇಳಿಕೊಟ್ಟರು, ರದ್ದಾದ ಕಥೆ ಹೇಳಲಿಲ್ಲ. ಅದನ್ನು ನನಗೆ ಹೇಳಿದವರು ವಾಷಿಂಗ್ಟನ್ ಬಳಿಯ ಎಲಿಕಾಟ್ ಸಿಟಿಯ ಶಿವಬಸಮ್ಮ.

ಮದುವೆಗೆ ಮೊದಲು ಗುಲ್ಬರ್ಗಾದ ಹೈಸ್ಕೂಲಿನಲ್ಲಿ ಅವರು ಇತಿಹಾಸ ಕಲಿಸುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಇಪ್ಪತ್ತು ವರ್ಷ ಬಟ್ಟೆಯಂಗಡಿಯಲ್ಲಿ ಪರದೆ ಬಟ್ಟೆ ಕತ್ತರಿಸಿದರು. ಬಿಡುವಾದಾಗ ಮೆಟ್ರೋ ಹತ್ತಿ ವಾಷಿಂಗ್ಟನ್ನಿಗೆ ಹೋಗಿ, ಮಂದ ಬೆಳಕಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದ ಮ್ಯಾಗ್ನಾ ಕಾರ್ಟಾದ ೧೨೯೭ರ ಪ್ರತಿಯನ್ನು ನೋಡಿ ಬರುತ್ತಿದ್ದರು. ಜನ ಬಿಡದೆ ಕೇಳಿದರು, ಅದಕ್ಕೇ ಆ ಕಾಗದ ಮತ್ತೆ ಮತ್ತೆ ಜೀವ ಪಡೆಯಿತು ಎನ್ನುತ್ತಿದ್ದರು.

೧೯೯೫ರಲ್ಲಿ ಅವರ ಗಂಡ ಮಹಾಂತಪ್ಪ ತೀರಿಕೊಂಡರು. ನಮ್ಮ ಕನ್ನಡ ಕೂಟದಲ್ಲಿ ಕುಟುಂಬಕ್ಕೆ ಒಂದೇ ಮತ, ಅದೂ ಯಜಮಾನನ ಹೆಸರಿನಲ್ಲಿ. ಮರುವರ್ಷದ ಸದಸ್ಯರ ಪಟ್ಟಿಯಲ್ಲಿ ಶಿವಬಸಮ್ಮನವರ ಮನೆಯೇ ಇರಲಿಲ್ಲ. ಬಹಳ ಕನಿಕರದಿಂದ ಅವರನ್ನು ಅಳಿಯ ಶ್ಯಾಮನ ಕುಟುಂಬಕ್ಕೆ ಸೇರಿಸಿದ್ದರು. ಅಳಿಯನ ಮನೆ ಇದ್ದದ್ದು ನಲವತ್ತು ಮೈಲಿ ದೂರದಲ್ಲಿ.

ಆ ಯುಗಾದಿಗೆ ಕೂಟದ ಇನ್ನೂರು ಜನಕ್ಕೆ ಹೋಳಿಗೆ ಮಾಡಿ ತಂದವರು ಅವರೇ. ನಮ್ಮಲ್ಲಿ ಚುನಾವಣೆ ನಡೆಯುವುದು ಊಟಕ್ಕೆ ಹತ್ತು ನಿಮಿಷ ಮೊದಲು. ಬಿಸಿಬೇಳೆ ಬಾತಿನ ಘಮ ಮೂಗಿಗೆ ಬಡಿಯುವಾಗ ಯಾರು ತಕರಾರು ತೆಗೆಯುತ್ತಾರೆ? ನಾಲ್ಕು ಸಲ ಹೀಗೇ ಗೆದ್ದಿದ್ದ ಡಾಕ್ಟರ್ ವೇಣುಗೋಪಾಲ ಐದನೆಯ ಸಲ ನಿಂತಿದ್ದರು. ವಿರೋಧ ಇರುವವರು ಕೈ ಎತ್ತಿ ಅಂದಾಗ ಶಿವಬಸಮ್ಮ ಕೈ ಎತ್ತಿದರು.

ಎಣಿಸುತ್ತಿದ್ದ ಗುರುದತ್ ನಕ್ಕ. "ಆಂಟಿ, ಕೈ ಇಳಿಸಿ. ಶ್ಯಾಮ್ ಆಗ್ಲೇ ಓಟ್ ಮಾಡಿದಾರೆ, ನಿಮ್ದು ಕೌಂಟ್ ಆಗೋಯ್ತು."

"ಅದು ಶ್ಯಾಮನ ಕೈ. ಇದು ನಂದು. ಎಣಸ್ರಿ."

ಡಾಕ್ಟರ್ ಮೈಕಿನಲ್ಲೇ, "ಇದೇನು ಪಾರ್ಲಿಮೆಂಟಾ ಅಮ್ಮ? ಎಲ್ರಿಗೂ ಹಸಿವು" ಅಂದರು. ಸಭೆ ನಕ್ಕಿತು. ನಾನೂ ನಕ್ಕೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ರತ್ನಾ ನಗಲಿಲ್ಲ.

ಕೈ ಇಳಿಸದೆಯೇ ಆಕೆ ಜಾನ್ ದೊರೆಯ ಮೊಮ್ಮಗ, ಮೊದಲನೆಯ ಎಡ್ವರ್ಡನ ಕಥೆ ಹೇಳಿದರು. ಅವನೇನು ಸಂತನಲ್ಲ, ಯಹೂದಿಗಳನ್ನು ದೇಶದಿಂದಲೇ ಓಡಿಸಿದವನು. ಆದರೂ ಯುದ್ಧಕ್ಕೆ ಜನರ ನೆರವು ಬೇಕಾದಾಗ, ೧೨೯೫ರಲ್ಲಿ, ಜಿಲ್ಲೆಗೆ ಇಬ್ಬರು, ಪಟ್ಟಣಕ್ಕೆ ಇಬ್ಬರು ಅಂತ ಪಾರ್ಲಿಮೆಂಟಿಗೆ ಕರೆಸಿದ. ಎಲ್ಲರಿಗೂ ತಟ್ಟುವುದನ್ನು ಎಲ್ಲರೂ ಒಪ್ಪಬೇಕು ಎಂದು ಬಿಷಪ್ಪರಿಗೆ ಕಳಿಸಿದ ಓಲೆಯಲ್ಲಿ ಬರೆಸಿದ.

"ಅವಗ ಗರಜಿತ್ತು, ಕರದ. ನಿಮಗ ನನ್ನ ಹೋಳಿಗಿ ಬೇಕು, ನನ್ನ ಕೈ ಬ್ಯಾಡೇನ್ರಿ?"

ಈ ಸಲ ಯಾರೂ ನಗಲಿಲ್ಲ. ಶಿವಬಸಮ್ಮನವರ ಮಗಳು, ಶ್ಯಾಮನ ಹೆಂಡತಿ ನೀತಾ ಕೈ ಎತ್ತಿದಳು. ರತ್ನಾ ಎತ್ತಿದಳು. ಹಿಂದಿನ ಸಾಲಿನಲ್ಲಿ ಇನ್ನೂ ಒಂಬತ್ತು ಕೈ. ಎಣಿಸುವುದೋ ಬಿಡುವುದೋ ತಿಳಿಯದೆ ಗುರುದತ್ ಪೆನ್ನು ಮುಚ್ಚಿದ. ಡಾಕ್ಟರ್ ಸಭೆಯನ್ನು ಜೂನಿಗೆ ಮುಂದೂಡಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲರೂ ಮರೆಯುತ್ತಿದ್ದರು. ಶಿವಬಸಮ್ಮ ಬಿಡಲಿಲ್ಲ. ಎರಡು ತಿಂಗಳು ಮನೆಮನೆಗೆ ಫೋನ್ ಮಾಡಿ, ಗಂಡಸರು ಎತ್ತಿಕೊಂಡರೆ ಹೆಂಗಸರಿಗೆ ಕೊಡಿ ಅಂದರು. ಜೂನಿನಲ್ಲಿ ಪ್ರತಿ ವಯಸ್ಕರಿಗೂ ಒಂದು ಮತ ಎಂಬ ನಿಯಮ ಏಳು ಮತಗಳ ಅಂತರದಿಂದ ಗೆದ್ದಿತು. ಅದೇ ದಿನ ನಡೆದ ಚುನಾವಣೆಯಲ್ಲಿ ಗೆದ್ದವರು ಮತ್ತೆ ವೇಣುಗೋಪಾಲರೇ! ಶಿವಬಸಮ್ಮನವರಿಗೆ ಅದರ ಬೇಸರವಿರಲಿಲ್ಲ. ಅವರ ವಿರೋಧ ಈ ಸಲ ಲೆಕ್ಕಕ್ಕೆ ಬಂದಿತ್ತು.

ಅಟ್ಲಾಂಟಾದಲ್ಲಿ, ಏಪೆಕ್ಸ್ ಪಟ್ಟಣದಲ್ಲಿ ಕೂತು ಇದನ್ನು ಓದುತ್ತಿರುವ ಯಜಮಾನರೇ, ನಿಮ್ಮ ಕೂಟದ ನಿಯಮಾವಳಿ ತೆಗೆದು ನೋಡಿ. ನಿಮ್ಮ ಹೆಂಡತಿಗೆ, ನಿಮ್ಮ ಅತ್ತೆಗೆ ಮತವಿದೆಯೇ? ಇಲ್ಲದಿದ್ದರೆ ಮುಂದಿನ ಸಭೆಯಲ್ಲಿ, ಎಲೆ ಹಾಕುವ ಮೊದಲು, ನೀವೇ ಎದ್ದು ನಿಂತು ಕೇಳಿ.