ಒಳದನಿ ಶಿಬಿರದಲ್ಲಿ ಗೆಳತಿ ಅತ್ತದ್ದು

ದುಬೈಯಿಂದ ಅಬುಧಾಬಿಗೆ ಹೋಗುವ ಹೆದ್ದಾರಿ ಬಿಟ್ಟು ಒಳಗೆ, ಮರಳುಗಾಡಿನಲ್ಲಿ ನಡೆದ ಒಂದು ದಿನದ ಶಿಬಿರ ಅದು. ‘ಪ್ರಕೃತಿಯೇ ಗುರು, ಒಳದನಿಯೇ ದಾರಿ’ ಎಂದು ಬ್ಯಾನರಿನಲ್ಲಿತ್ತು. ಹಿಂದೆಂದೋ ಯಾರೋ ಕಾಡಿನಲ್ಲಿ ಒಂಟಿಯಾಗಿದ್ದು ಕಷ್ಟಪಟ್ಟು ಕಂಡುಕೊಂಡ ಮಾತು ಈಗ ಟೀ ಶರ್ಟಿನ ಮೇಲೂ ರೀಲುಗಳಲ್ಲೂ ಸಿಗುತ್ತದೆ. ನಾನೂ ಅದನ್ನು ಮೆಚ್ಚಿಯೇ ಹೋಗಿದ್ದೆ.

ಜೊತೆಗೆ ದುಬೈಯ ಅಲ್ ಕುಸೈಸ್‌ ಬಡಾವಣೆಯಲ್ಲಿ ನಮ್ಮ ಕಟ್ಟಡದಲ್ಲೇ ಇರುವ ಮೈಸೂರಿನ ಗೆಳತಿ ಬಂದಿದ್ದಳು. ಬೆಳಿಗ್ಗೆ ಅವಳ ಮಗನ ಮೈ ಸ್ವಲ್ಪ ಬೆಚ್ಚಗಿತ್ತು. ಎದುರು ಫ್ಲ್ಯಾಟಿನ ಉಳ್ಳಾಲದಾಕೆ, “ನೀವು ಹೋಗಿ ಮಾರಾಯ್ರೆ, ನಾನಿಲ್ವಾ?” ಎಂದು ಮಗುವನ್ನು ಎತ್ತಿಕೊಂಡಿದ್ದರು. ಇಲ್ಲಿ ನಾವೆಲ್ಲ ಬದುಕುವುದು ಹೀಗೆಯೇ. ಒಬ್ಬರ ಮನೆಯ ಕೀಲಿ ಇನ್ನೊಬ್ಬರ ಬಳಿ ಇರುತ್ತದೆ.

ಶಿಬಿರದಲ್ಲಿ ಮೊದಲು ನಮ್ಮ ಫೋನುಗಳನ್ನು ಬಟ್ಟೆಯ ಚೀಲಕ್ಕೆ ಹಾಕಿಸಿಕೊಂಡರು. ಶಿಬಿರದವರ ಕ್ಯಾಮೆರಾ ಮಾತ್ರ ಓಡಾಡುತ್ತಿತ್ತು. ಮಧ್ಯಾಹ್ನ ಗೆಳತಿ ಕೂತಲ್ಲಿ ಕೂರಲಾರದೆ, ಬೆಂಗಳೂರಿನಿಂದ ಬಂದಿದ್ದ ತರಬೇತುದಾರನ ಬಳಿ ಹೋದಳು.

“ಸರ್, ಮಗೂಗೆ ಹುಷಾರಿಲ್ಲ. ಯಾಕೋ ಮನಸ್ಸು ಹೇಳ್ತಿದೆ, ಒಂದ್ಸಲ ಫೋನ್ ಮಾಡು ಅಂತ.”

“ಅದು ಮನಸ್ಸಲ್ಲ ಮೇಡಂ, ಭಯ. ನಿಮಗೆ ನೀವೇ ಸಾಕು, ಬೇರೆ ಯಾರೂ ಬೇಕಾಗಿಲ್ಲ. ಕೂತ್ಕೊಳ್ಳಿ.”

ಅವಳ ಫೋನ್ ಕೊಡಿ ಎಂದು ನಾನು ಹೋಗಿ ಕೇಳಿದ್ದಕ್ಕೆ, “ನೀವೇನು ಇವರ ವಕೀಲರಾ?” ಎಂದು ನಕ್ಕ. ಒಳದನಿ ಕೇಳಿ ಎಂದು ಕರೆದವನೇ, ಅದು ಅವಳೊಳಗೆ ಮಾತಾಡಿದಾಗ ಭಯವೆಂದು ಹೆಸರಿಟ್ಟ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಸಂಜೆ ಫೋನ್ ಕೈಗೆ ಬಂದೊಡನೆ ಗೆಳತಿ ಉಳ್ಳಾಲದಾಕೆಗೆ ಕರೆ ಮಾಡಿದಳು. “ಎಷ್ಟು ಸಲ ಮಾಡಿದ್ದು ನಾನು!” ಎಂದರು ಎದುರುಮನೆಯವರು. “ಜ್ವರ ಏರಿ ಫಿಟ್ಸ್ ಬಂತು. ಎತ್ಕೊಂಡು ಕ್ಲಿನಿಕ್ಕಿಗೆ ಓಡಿದೆ. ಈಗ ಮಲಗಿದ್ದಾನೆ, ಹೆದರ್ಬೇಡಿ.” ಗೆಳತಿ ಮರಳಿನ ಮೇಲೆ ಕುಸಿದು ಅತ್ತಳು. ಕ್ಯಾಮೆರಾ ಹತ್ತಿರ ಬಂತು.

ಮುಂದಿನ ವಾರ ಅದೇ ಅಳು ರೀಲಾಯಿತು. ಹಿನ್ನೆಲೆಯಲ್ಲಿ ಕೊಳಲು, ಮೇಲೆ ಬರಹ: ‘ಆಕೆ ತನ್ನನ್ನು ತಾನು ಕಂಡ ಕ್ಷಣ.’ ಒಪ್ಪಿಗೆಯಿಲ್ಲದೆ ಹೀಗೆ ಹಾಕುವುದು ಈ ದೇಶದಲ್ಲಿ ಅಪರಾಧ. ಆದರೆ ತರಬೇತುದಾರ ಆಗಲೇ ಬೆಂಗಳೂರು ಸೇರಿದ್ದ.

“ಎಷ್ಟೊಂದು ಜನಕ್ಕೆ ಸ್ಫೂರ್ತಿ ಸಿಕ್ಕಿದೆ ಮೇಡಂ,” ಎಂದ, ಗೆಳತಿ ಫೋನ್ ಮಾಡಿದಾಗ.

“ಅದು ನನ್ನ ಮುಖ. ತೆಗೀರಿ.”

ನೋಡೋಣ ಎಂದವನು ತೆಗೆಯಲಿಲ್ಲ. ಅಪರಿಚಿತರು ಅದರ ಕೆಳಗೆ ಕೈಮುಗಿಯುತ್ತಲೇ ಇದ್ದಾರೆ. ಕೊನೆಗೆ ಅದು ಮೈಸೂರಿನಲ್ಲಿರುವ ಅವಳ ಅತ್ತೆಗೂ ತಲುಪಿತು.

“ಮಗು ಆಸ್ಪತ್ರೇಲಿದ್ದಾಗ ನೀನು ಧ್ಯಾನ ಮಾಡ್ಕೊಂಡು ಕೂತಿದ್ಯೇನಮ್ಮಾ?” ಎಂದು ಕೇಳಿದರಂತೆ.

ಆ ಸಂಜೆ ನಾನೇ ಅತ್ತೆಗೆ ಫೋನ್ ಮಾಡಿ, ಕಂಡದ್ದನ್ನೆಲ್ಲ ಮೊದಲಿನಿಂದ ಹೇಳಿದೆ.

“ಅಷ್ಟು ಜನ ಇದ್ರಲ್ಲಾ, ಆ ಫೋನಿನ ಚೀಲ ಕಿತ್ಕೊಳ್ಳೋಕೆ ಆಗ್ಲಿಲ್ವಾ ನಿಮಗೆ?” ಎಂದರು ಅತ್ತೆ.